ತಟ್ಟೆಯಲ್ಲಿ ಉಳಿದ ನಾಲ್ಕು ಚುಕ್ಕೆಗಳು

1944ರ ಬೇಸಿಗೆ. ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಚಾಚಿಕೊಂಡಿರುವ ಲಾಂಗ್ ಐಲೆಂಡ್ ದ್ವೀಪದ ಉತ್ತರ ದಂಡೆಯಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬ ಊರಿದೆ. ಅಲ್ಲಿನ ತಳಿವಿಜ್ಞಾನ ಪ್ರಯೋಗಾಲಯಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದಿಂದ 23ರ ಹರೆಯದ ಸಂಶೋಧನ ವಿದ್ಯಾರ್ಥಿನಿಯೊಬ್ಬರು ಬಂದರು. ಹೆಸರು ಎವೆಲಿನ್ ವಿಟ್ಕಿನ್. ಬ್ಯಾಕ್ಟೀರಿಯಗಳೊಡನೆ ಅವರು ಅದುವರೆಗೆ ಕೆಲಸ ಮಾಡಿದವರಲ್ಲ. ಪ್ರಯೋಗಾಲಯದ ನಿರ್ದೇಶಕ ಮಿಲಿಸ್ಲಾವ್ ಡೆಮೆರೆಕ್ ಅವರು ಮನುಷ್ಯರ ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯದ ‘ಬಿ’ ಎಂಬ ತಳಿಯನ್ನು ಅವರ ಕೈಗಿತ್ತು, ಅತಿನೇರಳೆ ಕಿರಣದ ದೀಪವನ್ನು ತೋರಿಸಿ, ಇದರಲ್ಲಿ ಉತ್ಪರಿವರ್ತನೆ ಉಂಟುಮಾಡಿ ನೋಡಿ ಎಂದರು. ಕಿರಣ ಎಷ್ಟು ಹೊತ್ತು ಬೀಳಬೇಕೆಂಬ ಅಂದಾಜು ಹೊಸಬರಿಗೆ ಇರಲಿಲ್ಲ. ಹದ ತಪ್ಪಿತು. ಮರುದಿನ ನೋಡಿದರೆ ತಟ್ಟೆಯ ತುಂಬ ಹರಡಿದ್ದ ಬ್ಯಾಕ್ಟೀರಿಯಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತಿದ್ದವು. ನಾಲ್ಕು ಕಡೆ ಮಾತ್ರ ಜೀವ ಉಳಿದು, ಬೆಳೆದು, ನಾಲ್ಕು ಚುಕ್ಕೆಗಳಾಗಿ ಕಾಣುತ್ತಿತ್ತು.

ಇಂಥ ಸಂದರ್ಭದಲ್ಲಿ ಯಾರೇ ಆದರೂ ತಟ್ಟೆಯನ್ನು ತೊಳೆದು, ಕಿರಣದ ಪ್ರಮಾಣವನ್ನು ಕಡಿಮೆ ಮಾಡಿ ಮತ್ತೆ ಪ್ರಯೋಗ ಮಾಡುತ್ತಿದ್ದರು. ವಿಟ್ಕಿನ್ ಹಾಗೆ ಮಾಡಲಿಲ್ಲ. ಉಳಿದೆಲ್ಲವೂ ಸತ್ತ ಮೇಲೆ ಈ ನಾಲ್ಕು ಏಕೆ ಉಳಿದವು? ಅದೃಷ್ಟದಿಂದಲೋ, ಅವುಗಳಲ್ಲಿ ಏನಾದರೂ ವಿಶೇಷ ಇತ್ತೋ? ಅವುಗಳನ್ನೇ ಬೇರೆಯಾಗಿ ಬೆಳೆಸಿ ಮತ್ತೆ ಕಿರಣಕ್ಕೆ ಒಡ್ಡಿದರು. ಅವು ಮತ್ತೆ ಬದುಕಿದವು. ಅವುಗಳ ಸಂತತಿಯೂ ಬದುಕಿತು. ಕಿರಣವನ್ನು ತಾಳಿಕೊಳ್ಳುವ ಗುಣ ವಂಶಪಾರಂಪರ್ಯವಾಗಿ ಬರುವಂಥದ್ದು ಎಂಬುದು ಸಿದ್ಧವಾಯಿತು. ಆ ತಳಿಗೆ ‘ಬಿ/ಆರ್’ ಎಂದು ಹೆಸರಿಟ್ಟರು. ಆ ನಾಲ್ಕು ಚುಕ್ಕೆಗಳಿಂದ ಎದ್ದ ಪ್ರಶ್ನೆಯ ಬೆನ್ನುಹತ್ತಿ ವಿಟ್ಕಿನ್ ಮುಂದಿನ ಸುಮಾರು ಅರ್ಧ ಶತಮಾನವನ್ನು ಕಳೆದರು.

ಆ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ಅಂದಿನ ತಿಳಿವಳಿಕೆ ಎಷ್ಟಿತ್ತೆಂಬುದನ್ನು ನೆನಪಿಸಿಕೊಳ್ಳಬೇಕು. ವಂಶವಾಹಿಗಳು ಡಿಎನ್‌ಎಯಿಂದ ಆಗಿವೆ ಎಂಬುದಕ್ಕೆ ಮೊದಲ ಬಲವಾದ ಸಾಕ್ಷ್ಯವನ್ನು ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು ಪ್ರಕಟಿಸಿದ್ದು ಅದೇ 1944ರಲ್ಲಿ. ಅದನ್ನು ಬಹುಮಂದಿ ಇನ್ನೂ ಒಪ್ಪಿರಲಿಲ್ಲ. ಡಿಎನ್‌ಎಯ ಜೋಡಿಸುರುಳಿ ಕಾಣಿಸಿಕೊಳ್ಳಲು ಇನ್ನೂ 9 ವರ್ಷ ಬಾಕಿ. ಕಿರಣ ಬೀಳುವುದೆಂದರೆ ಗುಂಡು ತಗಲಿದಂತೆ, ತಗಲಿದ ಕ್ಷಣದಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ ಎಂಬ ಭಾವನೆ ಬೇರೂರಿತ್ತು. ಸಾಯುವುದು ಸಾಯುತ್ತದೆ, ಬದಲಾಗುವುದು ಬದಲಾಗುತ್ತದೆ, ಜೀವಕೋಶಕ್ಕೆ ಅದರಲ್ಲಿ ಯಾವ ಪಾತ್ರವೂ ಇಲ್ಲ. ಗಾಯವಾದ ವಂಶವಾಹಿಯನ್ನು ಜೀವಕೋಶವೇ ದುರಸ್ತಿ ಮಾಡಿಕೊಳ್ಳಬಹುದು ಎಂಬ ಯೋಚನೆಗೆ ಆಗ ಜಾಗವೇ ಇರಲಿಲ್ಲ.

ವಿಟ್ಕಿನ್ ಈ ಪ್ರಯೋಗಾಲಯಕ್ಕೆ ಬಂದ ದಾರಿಯೂ ನೇರವಾದದ್ದಲ್ಲ. ಮದುವೆಗೆ ಮುಂಚೆ ಅವರು ಎವೆಲಿನ್ ಮೈಸೆಲ್. 1921ರ ಮಾರ್ಚ್ 9ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದರು. ಔಷಧ ವ್ಯಾಪಾರಿಯಾಗಿದ್ದ ತಂದೆ ಅವರು ಮೂರು ವರ್ಷದವರಿದ್ದಾಗಲೇ ತೀರಿಕೊಂಡರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ, ಅಲ್ಲಿಯೇ ಸ್ನಾತಕೋತ್ತರ ಅಧ್ಯಯನ ಮುಂದುವರಿಸುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ 1940ರ ಫುಟ್‌ಬಾಲ್ ಪ್ರಕರಣ ನಡೆಯಿತು. ವಿಶ್ವವಿದ್ಯಾಲಯದ ತಂಡ ಮಿಸ್ಸೌರಿಗೆ ಆಡಲು ಹೋಗಬೇಕಿತ್ತು. ಮಿಸ್ಸೌರಿಯವರು ಕಪ್ಪು ಆಟಗಾರರ ಎದುರು ಆಡುತ್ತಿರಲಿಲ್ಲ. ಅಂಥ ಆಟಗಾರರನ್ನು ಮನೆಯಲ್ಲೇ ಬಿಟ್ಟು ಹೋಗುವುದಕ್ಕೆ ಆಗ ‘ಸಭ್ಯರ ಒಪ್ಪಂದ’ ಎಂಬ ಸೊಗಸಾದ ಹೆಸರಿತ್ತು. ನ್ಯೂಯಾರ್ಕ್ ತಂಡದ ಲೆನರ್ಡ್ ಬೇಟ್ಸ್ ಎಂಬ ಕಪ್ಪು ಆಟಗಾರನನ್ನು ಬಿಟ್ಟುಹೋಗಲು ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ‘ಬೇಟ್ಸ್ ಆಡಲೇಬೇಕು’ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು, ಸಹಿ ಸಂಗ್ರಹಿಸಿದರು. ಬೇಟ್ಸ್ ಆಡಲಿಲ್ಲ. 1941ರಲ್ಲಿ ಏಳು ಮಂದಿ ವಿದ್ಯಾರ್ಥಿ ಮುಂದಾಳುಗಳನ್ನು ವಿಶ್ವವಿದ್ಯಾಲಯ ಮೂರು ತಿಂಗಳು ಅಮಾನತು ಮಾಡಿತು. ಅವರಲ್ಲಿ ಎವೆಲಿನ್ ಮೈಸೆಲ್ ಒಬ್ಬರು. ಪದವಿ ತಡವಾಯಿತು, ಅಲ್ಲಿ ಸಿಗಬೇಕಿದ್ದ ಅವಕಾಶ ಕೈತಪ್ಪಿತು. ಆ ಏಳು ಮಂದಿಯನ್ನು ಅದೇ ವಿಶ್ವವಿದ್ಯಾಲಯ ಕರೆದು ಗೌರವಿಸಿದ್ದು 2001ರಲ್ಲಿ, 60 ವರ್ಷಗಳ ನಂತರ.

ಹೀಗೆ ಒಂದು ಬಾಗಿಲು ಮುಚ್ಚಿದ್ದರಿಂದ ಅವರು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಥಿಯೊಡೋಸಿಯಸ್ ಡಾಬ್ಜಾನ್ಸ್ಕಿ ಇದ್ದರು. ರಷ್ಯಾದಿಂದ 1927ರಲ್ಲಿ ಬಂದು ಅಮೆರಿಕದಲ್ಲಿ ನೆಲೆಸಿದ ಈ ವಿಜ್ಞಾನಿ ವಿಕಾಸವಾದಕ್ಕೂ ತಳಿಶಾಸ್ತ್ರಕ್ಕೂ ಗಂಟು ಹಾಕಿದವರಲ್ಲಿ ಪ್ರಮುಖರು. ವಿಟ್ಕಿನ್ ಅವರನ್ನು ಅರಸಿ ಹೋದುದಕ್ಕೆ ಒಂದು ಕುತೂಹಲದ ಕಾರಣವಿತ್ತು. ಸೋವಿಯತ್ ಒಕ್ಕೂಟದಲ್ಲಿ ಆಗ ಟ್ರೋಫಿಮ್ ಲೈಸೆಂಕೊ ಎಂಬಾತನ ಮಾತೇ ಮಾತು. ಪರಿಸರದಿಂದ ಜೀವಿಯಲ್ಲಾಗುವ ಬದಲಾವಣೆ ನೇರವಾಗಿ ಮುಂದಿನ ಪೀಳಿಗೆಗೆ ಇಳಿಯುತ್ತದೆ, ಬೆಳೆಯನ್ನು ಬೇಕಾದಂತೆ ಪಳಗಿಸಬಹುದು ಎಂದು ಆತ ಸಾರುತ್ತಿದ್ದ. ಅವನನ್ನು ವಿರೋಧಿಸಿದ ಮಹಾ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ 1943ರಲ್ಲಿ ಸೆರೆಮನೆಯಲ್ಲಿ ಸತ್ತರು. ಸಮಾನತೆಯ ಕನಸು ಕಾಣುತ್ತಿದ್ದ ಅನೇಕ ಎಳೆಯರಂತೆ ವಿಟ್ಕಿನ್ ಅವರಿಗೂ ಲೈಸೆಂಕೊ ಹೇಳುವುದರಲ್ಲಿ ಹುರುಳಿರಬಹುದೇ ಎಂಬ ಸಂದೇಹವಿತ್ತು. ರಷ್ಯನ್ ಬಲ್ಲ ತಳಿವಿಜ್ಞಾನಿಯ ಬಳಿ ಅದನ್ನು ಪರಿಹರಿಸಿಕೊಳ್ಳಬೇಕೆಂದಿದ್ದರು. ಓದಿ ನೋಡಿದಾಗ ಆ ವಾದದಲ್ಲಿ ವಿಜ್ಞಾನದ ಗಟ್ಟಿ ಆಧಾರವಿಲ್ಲವೆಂದು ತಿಳಿಯಿತು. ಆದರೆ ಅದರ ಹಿಂದಿನ ಪ್ರಶ್ನೆ, ಅಂದರೆ ಹೊರಗಿನ ಒತ್ತಡಕ್ಕೂ ವಂಶವಾಹಿಯ ಬದಲಾವಣೆಗೂ ಏನು ಸಂಬಂಧ ಎಂಬುದು, ಮುಂದೆ ಬೇರೊಂದು ರೂಪದಲ್ಲಿ ಅವರ ಬಳಿಗೇ ಮರಳಿ ಬರಲಿತ್ತು.

ಅದೇ ಕಾಲದಲ್ಲಿ, 1943ರಲ್ಲಿ, ಸಾಲ್ವಡೋರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಅವರ ಒಂದು ಪ್ರಬಂಧ ಹೊರಬಂದಿತ್ತು. ವೈರಸ್ಸಿಗೆ ಒಡ್ಡಿದ ಬ್ಯಾಕ್ಟೀರಿಯಗಳಲ್ಲಿ ಕೆಲವು ಬದುಕುತ್ತವೆ. ಅವು ವೈರಸ್ಸನ್ನು ಕಂಡ ಮೇಲೆ ಬದಲಾದವೇ, ಅಥವಾ ಮೊದಲೇ ಬದಲಾಗಿದ್ದವೇ? ಅನೇಕ ಕೊಳವೆಗಳಲ್ಲಿ ಪ್ರತ್ಯೇಕವಾಗಿ ಬ್ಯಾಕ್ಟೀರಿಯ ಬೆಳೆಸಿ ಎಣಿಸಿದರು. ವೈರಸ್ ತಗಲಿದ ಮೇಲೆಯೇ ಬದಲಾವಣೆ ಆಗುವುದಾದರೆ ಎಲ್ಲ ಕೊಳವೆಗಳಲ್ಲೂ ಬದುಕುಳಿದವುಗಳ ಸಂಖ್ಯೆ ಸರಿಸುಮಾರು ಒಂದೇ ಇರಬೇಕು. ಹಾಗಿರಲಿಲ್ಲ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ನೂರಾರು. ಎಂದರೆ ಬದಲಾವಣೆ ಮೊದಲೇ, ಆಕಸ್ಮಿಕವಾಗಿ ನಡೆದಿತ್ತು. ಲೈಸೆಂಕೊ ವಾದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉತ್ತರ ಬೇರೆ ಬೇಕಿರಲಿಲ್ಲ. ವಿಟ್ಕಿನ್ ಈ ಪ್ರಬಂಧಕ್ಕೆ ಮಾರುಹೋದರು. ಬ್ಯಾಕ್ಟೀರಿಯಗಳ ಮೇಲೆ ಕೆಲಸ ಮಾಡುವ ಆಸೆ ಹುಟ್ಟಿ, ಡಾಬ್ಜಾನ್ಸ್ಕಿ ಅವರನ್ನು ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ಗೆ ಕಳುಹಿಸಿದರು. ತಮ್ಮ ‘ಬಿ/ಆರ್’ ತಳಿಗೂ ಅವರು ಇದೇ ಎಣಿಕೆಯ ಪರೀಕ್ಷೆ ಒಡ್ಡಿದರು. ನಾಲ್ಕು ಚುಕ್ಕೆಗಳ ತಾಳಿಕೆಯೂ ಕಿರಣ ಬೀಳುವ ಮೊದಲೇ ಆಗಿದ್ದ ಬದಲಾವಣೆಯ ಫಲವೆಂದು ತಿಳಿಯಿತು. 1947ರಲ್ಲಿ ಡಾಕ್ಟರೇಟ್ ಬಂತು.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತ್ತು. ಕಿರಣ ತಗಲಿದ ‘ಬಿ’ ತಳಿಯ ಬ್ಯಾಕ್ಟೀರಿಯಗಳು ತಕ್ಷಣ ಸಾಯುತ್ತಿರಲಿಲ್ಲ. ಅವು ಬೆಳೆಯುತ್ತಿದ್ದವು, ಆದರೆ ಎರಡಾಗಿ ಒಡೆಯುತ್ತಿರಲಿಲ್ಲ. ಮೋಟು ಕಡ್ಡಿಯಂತಿರಬೇಕಾದದ್ದು ಶಾವಿಗೆಯ ಎಳೆಯಂತೆ ಉದ್ದಕ್ಕೆ ಬೆಳೆದು, ಕೊನೆಗೆ ಸಾಯುತ್ತಿತ್ತು. ‘ಬಿ/ಆರ್’ ಮಾತ್ರ ಸ್ವಲ್ಪ ತಡೆದು ಮತ್ತೆ ವಿಭಜನೆ ಆರಂಭಿಸುತ್ತಿತ್ತು. ಕೊಂದದ್ದು ಬರೀ ಕಿರಣವಲ್ಲ, ಕಿರಣಕ್ಕೆ ಜೀವಕೋಶ ಕೊಟ್ಟ ಪ್ರತಿಕ್ರಿಯೆಯೂ ಇರಬಹುದೇ? ಈ ಶಾವಿಗೆ ಎಳೆಗಳು ಅವರ ತಲೆಯೊಳಗೆ 20 ವರ್ಷ ಕುಳಿತಿದ್ದವು.

ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಅವರು 1955ರವರೆಗೆ ಇದ್ದರು. ಮೆಕ್ಕೆಜೋಳದಲ್ಲಿ ಜಾಗ ಬದಲಿಸುವ ವಂಶವಾಹಿಗಳನ್ನು ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್ ಅಲ್ಲಿಯೇ ಇದ್ದರು. ಮಿಕ್ಕವರು ಅರ್ಥವಾಗದೆ ತಲೆಯಾಡಿಸುತ್ತಿದ್ದಾಗ ಮೆಕ್ಲಿಂಟಾಕ್ ಅವರ ಜೋಳದ ಕಾಳುಗಳನ್ನು ಆಸಕ್ತಿಯಿಂದ ನೋಡಿದ ಕೆಲವರಲ್ಲಿ ವಿಟ್ಕಿನ್ ಸೇರಿದ್ದರು. ಆಲ್ಬರ್ಟ್ ಕೆಲ್ನರ್ ಎಂಬ ಇನ್ನೊಬ್ಬ ಸಹೋದ್ಯೋಗಿ ಅಲ್ಲಿ ಅತಿನೇರಳೆ ಕಿರಣದಿಂದ ಸಾಯಬೇಕಾದ ಸೂಕ್ಷ್ಮಜೀವಿಗಳು ಕೆಲವೊಮ್ಮೆ ಸಾಯದೆ ಉಳಿಯುವುದನ್ನು ಕಂಡು ತಲೆಕೆಡಿಸಿಕೊಂಡಿದ್ದರು. ಉಷ್ಣತೆಯೇ ಕಾರಣವಿರಬಹುದೆಂದು ಮೊದಲು ಅನಿಸಿತ್ತು. ಕಾರಣ ಬೆಳಕು ಎಂದು ಆಮೇಲೆ ಹೊಳೆಯಿತು. ಮಾಮೂಲು ಬೆಳಕು ಬಿದ್ದರೆ, ಕಿರಣದಿಂದಾದ ಹಾನಿ ಬಹುಪಾಲು ವಾಸಿಯಾಗುತ್ತಿತ್ತು. 1949ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗುಂಡು ತಗಲಿದ ಮೇಲೆಯೂ ಗಾಯ ಮಾಯಬಹುದು! ತಗಲಿದ ಕ್ಷಣವೇ ಕೊನೆಯ ತೀರ್ಪು ಎಂಬ ನಂಬಿಕೆ ಇದರಿಂದ ಸಡಿಲವಾಯಿತು.

ಮನೋವಿಜ್ಞಾನಿ ಹರ್ಮನ್ ವಿಟ್ಕಿನ್ ಅವರೊಂದಿಗೆ 1943ರಲ್ಲಿ ಮದುವೆಯಾಗಿತ್ತು. ಇಬ್ಬರು ಗಂಡುಮಕ್ಕಳು. ಮಕ್ಕಳು ಚಿಕ್ಕವರಿದ್ದಾಗ ಅವರು ಅರೆಕಾಲಿಕವಾಗಿ ಕೆಲಸ ಮಾಡಿದರು. ಹೆಣ್ಣುಮಕ್ಕಳು ತಾಯಿಯಾದರೆ ಪ್ರಯೋಗಾಲಯದ ಬಾಗಿಲು ಮುಚ್ಚಿಬಿಡುತ್ತಿದ್ದ ಆ ದಿನಗಳಲ್ಲಿ ಅಂಥ ಅವಕಾಶ ಅಪರೂಪ. 1955ರಲ್ಲಿ ಬ್ರೂಕ್ಲಿನ್‌ನ ಸರ್ಕಾರಿ ವೈದ್ಯಕೀಯ ಕೇಂದ್ರಕ್ಕೆ ಹೋದರು.

1956ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಯೋಗ ಮೇಲುನೋಟಕ್ಕೆ ಚಿಕ್ಕದು. ಕಿರಣಕ್ಕೆ ಒಡ್ಡಿದ ಬ್ಯಾಕ್ಟೀರಿಯಗಳು ಕೂಡಲೇ ಪ್ರೋಟೀನ್ ತಯಾರಿಸದಂತೆ ಸ್ವಲ್ಪ ಹೊತ್ತು ತಡೆದರೆ, ಉತ್ಪರಿವರ್ತನೆಗಳ ಸಂಖ್ಯೆ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತಿತ್ತು. ಕಿರಣದ ಪ್ರಮಾಣ ಅದೇ, ಬ್ಯಾಕ್ಟೀರಿಯ ಅದೇ. ಬದಲಾದದ್ದು ಕಿರಣದ ಅನಂತರದ ಹೊತ್ತು ಮಾತ್ರ. ಕಿರಣ ಮಾಡಿದ ಗಾಯಕ್ಕೂ ಉತ್ಪರಿವರ್ತನೆಗೂ ನಡುವೆ ಏನೋ ಒಂದು ಕೆಲಸ ನಡೆಯುತ್ತದೆ, ಆ ಅವಧಿಯಲ್ಲಿ ಗಾಯವನ್ನು ಅಳಿಸಲು ಸಾಧ್ಯ ಎಂದು ಇದರ ಅರ್ಥ. ಅದನ್ನು ಮಾಡುವ ಯಂತ್ರ ಯಾವುದೆಂದು ಆಗ ತಿಳಿಯಲಿಲ್ಲ. ಆ ಗುಣವಿಲ್ಲದ ಒಂದು ತಳಿಯನ್ನು ಮುಂದೆ ಅವರು ಬೇರ್ಪಡಿಸಿ, ‘ಎಂಎಫ್‌ಡಿ’ ಎಂದು ಹೆಸರಿಟ್ಟು, ಜೋಪಾನವಾಗಿ ಇಟ್ಟುಕೊಂಡರು.

1960ರ ದಶಕದಲ್ಲಿ ರಸಾಯನ ವಿಜ್ಞಾನ ಕೈಜೋಡಿಸಿತು. ಅತಿನೇರಳೆ ಕಿರಣ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಥೈಮೀನ್‌ಗಳನ್ನು ಬೆಸೆದುಬಿಡುತ್ತದೆ, ನಕಲು ಮಾಡುವ ಕಿಣ್ವ ಅಲ್ಲಿಗೆ ಬಂದು ಎಡವುತ್ತದೆ ಎಂದು ಗೊತ್ತಾಯಿತು. ಬೆಸೆದ ಭಾಗವನ್ನು ಕತ್ತರಿಸಿ ತೆಗೆದು, ಎದುರು ಎಳೆಯನ್ನು ನೋಡಿಕೊಂಡು ತೇಪೆ ಹಾಕುವ ವ್ಯವಸ್ಥೆ ಬ್ಯಾಕ್ಟೀರಿಯದಲ್ಲಿದೆ ಎಂದು 1964ರಲ್ಲಿ ಸ್ಪಷ್ಟವಾಯಿತು. ದುರಸ್ತಿ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಬಂತು. ಆದರೆ ಒಗಟು ಉಳಿದೇ ಇತ್ತು. ದುರಸ್ತಿ ಸರಿಯಾಗಿ ನಡೆದರೆ ತಪ್ಪು ಉಳಿಯಬಾರದು. ನಡೆಯದಿದ್ದರೆ ಜೀವಕೋಶ ಸಾಯಬೇಕು. ಹಾಗಾದರೆ ಬದುಕಿಯೂ ಬದಲಾಗುವ ಬ್ಯಾಕ್ಟೀರಿಯಗಳು ಎಲ್ಲಿಂದ ಬಂದವು? ಇನ್ನೂ ವಿಚಿತ್ರವೆಂದರೆ, ಕೆಲವು ತಳಿಗಳು ಕಿರಣಕ್ಕೆ ಬೇಗ ಸಾಯುತ್ತಿದ್ದವು, ಆದರೆ ಅವುಗಳಲ್ಲಿ ಕಿರಣದಿಂದ ಉತ್ಪರಿವರ್ತನೆಯೇ ಆಗುತ್ತಿರಲಿಲ್ಲ. ಗಾಯವಿದೆ, ಬದಲಾವಣೆ ಇಲ್ಲ. ಬದಲಾವಣೆಯಾಗಲು ಜೀವಕೋಶವೇ ಏನನ್ನೋ ಮಾಡಬೇಕು ಎಂದಾಯಿತು.

1967ರಲ್ಲಿ ವಿಟ್ಕಿನ್ ತಮ್ಮ ಹಳೆಯ ಶಾವಿಗೆ ಎಳೆಗಳಿಗೆ ಮರಳಿದರು. ಲ್ಯಾಂಬ್ಡಾ ಎಂಬ ವೈರಸ್ ಇ. ಕೋಲೈಯೊಳಗೆ ಹೊಕ್ಕು, ಅದರ ಡಿಎನ್‌ಎಯಲ್ಲಿ ಸೇರಿಕೊಂಡು ತಲೆಮಾರುಗಟ್ಟಲೆ ನಿದ್ರಿಸಬಲ್ಲದು. ಒಂದು ತಡೆ ಪ್ರೋಟೀನು ಅದನ್ನು ಮಲಗಿಸಿರುತ್ತದೆ. ಅತಿನೇರಳೆ ಕಿರಣ ಬಿದ್ದರೆ ಅದು ಎಚ್ಚರಗೊಂಡು, ಮನೆಯನ್ನೇ ಒಡೆದು ಹೊರಬರುತ್ತದೆ. ವೈರಸ್ ಎಚ್ಚರಗೊಳ್ಳುವುದಕ್ಕೂ ಬ್ಯಾಕ್ಟೀರಿಯ ಎಳೆಯಾಗಿ ಬೆಳೆಯುವುದಕ್ಕೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲ. ಆದರೆ ಎರಡನ್ನೂ ಪ್ರಚೋದಿಸುವ ಸಂದರ್ಭಗಳು ಒಂದೇ, ಎರಡನ್ನೂ ತಡೆಯುವ ಉಪಾಯಗಳೂ ಒಂದೇ ಎಂಬುದನ್ನು ಅವರು ಗಮನಿಸಿದರು. ಬ್ಯಾಕ್ಟೀರಿಯದ ವಿಭಜನೆ ನಿಲ್ಲಿಸುವ ವಂಶವಾಹಿಯನ್ನೂ ಇಂಥದೇ ಒಂದು ತಡೆ ಪ್ರೋಟೀನು ಮಲಗಿಸಿರುತ್ತದೆ, ಡಿಎನ್‌ಎಗೆ ಹಾನಿಯಾದಾಗ ಎರಡು ತಡೆಗಳೂ ಒಂದೇ ಸಂಕೇತಕ್ಕೆ ಕಳಚಿಬೀಳುತ್ತವೆ ಎಂದು ಊಹಿಸಿದರು. ಆ ಪ್ರೋಟೀನನ್ನು ಅವರು ಕಂಡಿರಲಿಲ್ಲ. ಜೀವರಸಾಯನ ಪ್ರಯೋಗ ಮಾಡಿರಲಿಲ್ಲ. ತಟ್ಟೆಗಳ ಮೇಲಿನ ಚುಕ್ಕೆಗಳನ್ನು ಎಣಿಸಿ, ತಳಿಗಳನ್ನು ಹೋಲಿಸಿ, ತರ್ಕದಿಂದ ಮುಟ್ಟಿದ ತೀರ್ಮಾನ ಅದು. ಅವರ ಜೀವನದ ಅತಿ ದೊಡ್ಡ ಕಾಣ್ಕೆ ಯಾವುದೆಂದು ಕೇಳಿದರೆ ಇದನ್ನೇ ತೋರಿಸಬೇಕು.

ಯುಗೋಸ್ಲಾವಿಯದಲ್ಲಿ ಹುಟ್ಟಿದ ಮಿರೊಸ್ಲಾವ್ ರಾಡ್ಮನ್ ಎಂಬ ತರುಣ ವಿಜ್ಞಾನಿ ಈ ಎಳೆಯನ್ನು ಮುಂದಕ್ಕೆ ಹಿಡಿದರು. 1970ರಲ್ಲಿ ಅವರು ವಿಟ್ಕಿನ್ ಸೇರಿದಂತೆ ಕೆಲವು ವಿಜ್ಞಾನಿಗಳಿಗೆ ಒಂದು ಟಿಪ್ಪಣಿ ಕಳುಹಿಸಿದರು. ಹಾನಿಗೊಂಡಾಗ ಮಾತ್ರ ಚಾಲನೆಗೆ ಬರುವ, ತಪ್ಪು ಮಾಡಿಯಾದರೂ ಜೀವ ಉಳಿಸುವ ಒಂದು ದುರಸ್ತಿ ವ್ಯವಸ್ಥೆ ಇದೆ; ಉತ್ಪರಿವರ್ತನೆಗಳು ಹುಟ್ಟುವುದು ಅದರಿಂದಲೇ ಎಂಬುದು ಟಿಪ್ಪಣಿಯ ಸಾರ. ಮುಳುಗುವ ಹಡಗು ಕಳುಹಿಸುವ ಆಪತ್ಕರೆಯ ಹೆಸರನ್ನೇ ಅವರು ಅದಕ್ಕಿಟ್ಟರು: ಎಸ್‌ಒಎಸ್. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಪುರಾವೆ ಕೂಡಿಸಿದರು. 1976ರಲ್ಲಿ ವಿಟ್ಕಿನ್ ಬರೆದ ಸುದೀರ್ಘ ಸಮೀಕ್ಷಾ ಪ್ರಬಂಧ ಚದುರಿಹೋಗಿದ್ದ ಸಂಗತಿಗಳನ್ನೆಲ್ಲ ಒಂದೆಡೆ ತಂದಿತು. ಬಹಳ ಕಾಲ ಈ ಕ್ಷೇತ್ರಕ್ಕೆ ಬಂದವರೆಲ್ಲ ಅದನ್ನೇ ಓದಿ ಕೆಲಸ ಆರಂಭಿಸುತ್ತಿದ್ದರು.

ಒಳಗಿನ ಯಂತ್ರ ಬಿಚ್ಚಿಕೊಂಡದ್ದು 1980ರ ನಂತರ. ಸಾಮಾನ್ಯ ಸ್ಥಿತಿಯಲ್ಲಿ ಲೆಕ್ಸ್-ಎ ಎಂಬ ತಡೆ ಪ್ರೋಟೀನು ಸುಮಾರು 40 ವಂಶವಾಹಿಗಳ ಬಾಯಿ ಮುಚ್ಚಿಸಿರುತ್ತದೆ. ಡಿಎನ್‌ಎ ಹಾನಿಗೊಂಡು ನಕಲು ಕೆಲಸ ಎಡವಿದಾಗ ಒಂಟಿ ಎಳೆಗಳು ಬಯಲಾಗುತ್ತವೆ. ರೆಕ್-ಎ ಎಂಬ ಇನ್ನೊಂದು ಪ್ರೋಟೀನು ಆ ಎಳೆಗಳಿಗೆ ಸುತ್ತಿಕೊಳ್ಳುತ್ತದೆ. ಅದರ ಸಂಪರ್ಕಕ್ಕೆ ಬಂದ ಲೆಕ್ಸ್-ಎ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ತಡೆ ಕಳಚಿತು, ವಂಶವಾಹಿಗಳು ಒಂದೊಂದಾಗಿ ಎದ್ದವು. ಅವು ಏಳುವ ಸರದಿಯೂ ಸ್ವಾರಸ್ಯಕರ. ಕತ್ತರಿಸಿ ತೇಪೆ ಹಾಕುವ, ತಪ್ಪು ಮಾಡದ ಕುಶಲಕರ್ಮಿಗಳು ಮೊದಲು ಬರುತ್ತಾರೆ. ದುರಸ್ತಿ ಮುಗಿಯುವವರೆಗೆ ವಿಭಜನೆ ನಿಲ್ಲಿಸಿ ಎಂಬ ಆದೇಶವೂ ಹೊರಡುತ್ತದೆ. ಇವರಿಂದ ಸಾಧ್ಯವಾಗದೆ, ಹಾನಿ ಹಾಗೆಯೇ ಉಳಿದರೆ, ಕೊನೆಗೆ ಬರುವುದು ಒಂದು ಒರಟು ನಕಲು ಕಿಣ್ವ. ಬೆಸೆದುಹೋದ ಜಾಗದ ಎದುರು ಯಾವುದೋ ಒಂದು ಅಕ್ಷರ ತುಂಬಿ ಅದು ಮುಂದೆ ಸಾಗುತ್ತದೆ. ಅಕ್ಷರ ಸರಿಯೋ ತಪ್ಪೋ, ನಕಲು ಮುಗಿಯುತ್ತದೆ, ಜೀವ ಉಳಿಯುತ್ತದೆ. ಈ ಕಿಣ್ವವನ್ನು ನೇರವಾಗಿ ಗುರುತಿಸಿದ್ದು 1999ರಲ್ಲಿ.

ಆ ಹಳೆಯ ನಾಲ್ಕು ಚುಕ್ಕೆಗಳ ಗುಟ್ಟೂ ಈ ಯಂತ್ರದೊಳಗೇ ಇತ್ತು. ವಿಭಜನೆ ನಿಲ್ಲಿಸುವ ಆದೇಶ ಹೊತ್ತ ಪ್ರೋಟೀನನ್ನು ಕೆಲಸ ಮುಗಿದ ಮೇಲೆ ಒಂದು ಕಿಣ್ವ ಕತ್ತರಿಸಿಹಾಕಬೇಕು. ‘ಬಿ’ ತಳಿಯಲ್ಲಿ ಆ ಕಿಣ್ವವೇ ಇಲ್ಲ. ಹಾನಿ ದುರಸ್ತಿಯಾದ ಮೇಲೂ ಆದೇಶ ಹಾಗೇ ನಿಂತು, ಬ್ಯಾಕ್ಟೀರಿಯ ಎಳೆಯಾಗಿ ಬೆಳೆದು ಸಾಯುತ್ತಿತ್ತು. ‘ಬಿ/ಆರ್’ನಲ್ಲಿ ಆದೇಶದ ಪ್ರೋಟೀನೇ ಕೆಟ್ಟಿತ್ತು, ಆದ್ದರಿಂದ ಅದು ಬದುಕಿತು. 1944ರಲ್ಲಿ ಪ್ರಮಾಣ ತಪ್ಪಿ ಕಂಡದ್ದಕ್ಕೆ ವಿವರಣೆ ಪೂರ್ತಿಯಾಗಲು ಸುಮಾರು 40 ವರ್ಷ ಹಿಡಿಯಿತು.

ಉತ್ಪರಿವರ್ತನೆ ಎನ್ನುವುದು ಬರೀ ಹೊರಗಿನಿಂದ ಬೀಳುವ ಏಟಲ್ಲ, ಜೀವಕೋಶ ಆಪತ್ತಿನಲ್ಲಿ ಮಾಡುವ ಕೆಲಸವೂ ಹೌದು ಎಂಬ ಈ ಮಾತು ಕೇಳಿ, ಲೈಸೆಂಕೊ ಹಿಂಬಾಗಿಲಿನಿಂದ ಬಂದನೇ ಎಂದು ಯಾರಿಗಾದರೂ ಅನುಮಾನ ಬರಬಹುದು. ಹಾಗಲ್ಲ. ಒತ್ತಡದಲ್ಲಿ ಬದಲಾವಣೆಗಳ ಸಂಖ್ಯೆ ಹೆಚ್ಚುತ್ತದೆ, ಅವುಗಳ ದಿಕ್ಕು ನಿಶ್ಚಯವಾಗುವುದಿಲ್ಲ. ಬ್ಯಾಕ್ಟೀರಿಯ ತನಗೆ ಬೇಕಾದ ಬದಲಾವಣೆಯನ್ನು ಆರಿಸಿಕೊಳ್ಳುವುದಿಲ್ಲ. ಹೆಚ್ಚು ಚೀಟಿ ಕೊಂಡವನಿಗೆ ಲಾಟರಿ ಹೊಡೆಯುವ ಸಂಭವ ಹೆಚ್ಚು, ಅಷ್ಟೆ.

ಇದು ಪ್ರಯೋಗಾಲಯದ ಗೋಡೆಯೊಳಗೇ ಉಳಿಯುವ ಸಂಗತಿಯಲ್ಲ. ಮೂತ್ರದ ಸೋಂಕಿಗೂ ವಿಷಮಶೀತ ಜ್ವರಕ್ಕೂ ವೈದ್ಯರು ಬರೆದುಕೊಡುವ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಬ್ಯಾಕ್ಟೀರಿಯದ ಡಿಎನ್‌ಎಯನ್ನು ಮುರಿದು ಇದೇ ಎಸ್‌ಒಎಸ್ ಗಂಟೆಯನ್ನು ಬಾರಿಸುತ್ತದೆ. ಸಾಯದೆ ಉಳಿದವು ಬದಲಾಗುವ ಸಾಧ್ಯತೆ ಹೆಚ್ಚು. 2005ರಲ್ಲಿ ಅಮೆರಿಕದ ಫ್ಲಾಯ್ಡ್ ರೋಮ್ಸ್‌ಬರ್ಗ್ ತಂಡ ಲೆಕ್ಸ್-ಎ ಕತ್ತರಿಸಿಕೊಳ್ಳಲಾಗದ ಇ. ಕೋಲೈಯನ್ನು ಇಲಿಗಳಲ್ಲಿ ಬೆಳೆಸಿ ನೋಡಿದಾಗ, ಅವು ಈ ಔಷಧಕ್ಕೆ ನಿರೋಧ ಬೆಳೆಸಿಕೊಳ್ಳಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪ ಮತ್ತು ಸಂಗಡಿಗರು ಕ್ಷಯರೋಗದ ಬ್ಯಾಕ್ಟೀರಿಯದ ರೆಕ್-ಎ ಪ್ರೋಟೀನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದೂ ಈ ಕಥೆಯ ಇನ್ನೊಂದು ಕವಲು.

ವಿಟ್ಕಿನ್ 1971ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಬಂದರು. 1977ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಸಿಕ್ಕಿತು. 1979ರಲ್ಲಿ ಪತಿ ತೀರಿಕೊಂಡರು; ಅದೇ ವರ್ಷ ರಟ್ಗರ್ಸ್ ಅವರಿಗೆ ಕೊಟ್ಟ ಪ್ರಾಧ್ಯಾಪಕ ಪೀಠಕ್ಕೆ ಹಳೆಯ ಗೆಳತಿ ಬಾರ್ಬರಾ ಮೆಕ್ಲಿಂಟಾಕ್ ಹೆಸರಿತ್ತು. 1991ರಲ್ಲಿ ನಿವೃತ್ತರಾದ ಮೇಲೆ ಅವರು ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ಗೂ ಡಾರ್ವಿನ್ನನಿಗೂ ಇದ್ದ ನಂಟನ್ನು ಹುಡುಕುತ್ತ ಕುಳಿತರು.

2015 ದುರಸ್ತಿ ವಿಜ್ಞಾನದ ವರ್ಷವಾಯಿತು. ಲ್ಯಾಸ್ಕರ್ ಪ್ರಶಸ್ತಿ ವಿಟ್ಕಿನ್ ಅವರಿಗೂ, ಹಾನಿಗೆ ಮನುಷ್ಯರ ಜೀವಕೋಶಗಳು ಪ್ರತಿಕ್ರಿಯಿಸುವ ಬಗೆಯನ್ನು ಬಿಡಿಸಿದ ಸ್ಟೀಫನ್ ಎಲೆಜ್ ಅವರಿಗೂ ಬಂತು. ವಿಟ್ಕಿನ್ ಅವರಿಗೆ ಆಗ 94 ವರ್ಷ. ಅದೇ ವರ್ಷ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಡಿಎನ್‌ಎ ದುರಸ್ತಿಗಾಗಿಯೇ ಥಾಮಸ್ ಲಿಂಡಾಲ್, ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್ ಅವರಿಗೆ ಸಂದಿತು. ಕಿಣ್ವಗಳನ್ನು ಬೇರ್ಪಡಿಸಿ ತೋರಿಸಿದವರಿಗೆ ರಸಾಯನ ವಿಜ್ಞಾನದ ಬಹುಮಾನ ಹೋದುದು ನ್ಯಾಯವೇ. ಆದರೂ ಆ ಪಟ್ಟಿಯಲ್ಲಿ ವಿಟ್ಕಿನ್ ಹೆಸರು ಇಲ್ಲದ್ದು ಒಂದು ಕೊರತೆಯಾಗಿಯೇ ಕಾಣುತ್ತದೆ.

ಟರ್ಕಿ ಮೂಲದ ಸಂಜಾರ್ ಅವರಿಗೆ ವಿಟ್ಕಿನ್ ಹೊಸಬರಲ್ಲ. ಓದಲ್ಪಡುತ್ತಿರುವ ವಂಶವಾಹಿಯಲ್ಲಿ ಹಾನಿಯಿದ್ದರೆ ಅದನ್ನು ಬ್ಯಾಕ್ಟೀರಿಯ ಬೇರೆಡೆಗಿಂತ ಬೇಗ ಸರಿಪಡಿಸುತ್ತದೆ. ದುರಸ್ತಿ ಪಡೆಯನ್ನು ಅಲ್ಲಿಗೆ ಕರೆತರುವವರು ಯಾರು ಎಂದು ಸಂಜಾರ್ ಮತ್ತು ಅವರ ಸಹೋದ್ಯೋಗಿ ಕ್ರಿಸ್ಟೋಫರ್ ಸೆಲ್ಬಿ ಹುಡುಕುತ್ತಿದ್ದರು. ಉತ್ತರ ಇದ್ದದ್ದು ವಿಟ್ಕಿನ್ ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದ ‘ಎಂಎಫ್‌ಡಿ’ ತಳಿಯಲ್ಲಿ: ಅದರಲ್ಲಿ ಇಲ್ಲದ್ದು ಆ ಕರೆತರುವ ಪ್ರೋಟೀನೇ. 1991ರಲ್ಲಿ ಪ್ರಕಟವಾದ ಆ ಪ್ರಬಂಧದ ಮೇಲೆ ಸೆಲ್ಬಿ, ವಿಟ್ಕಿನ್, ಸಂಜಾರ್ ಮೂವರ ಹೆಸರೂ ಇದೆ. 1956ರಲ್ಲಿ ಕೆಲವೇ ನಿಮಿಷಗಳಲ್ಲಿ ಕುಸಿದುಹೋದ ಆ ಸಂಖ್ಯೆಗೆ ಕಾರಣ ಸಿಕ್ಕಾಗ ವಿಟ್ಕಿನ್ ಅವರಿಗೆ 70 ತುಂಬಿತ್ತು. 2023ರ ಜುಲೈ 8ರಂದು, 102ನೆಯ ವಯಸ್ಸಿನಲ್ಲಿ ಅವರು ನಿಧನರಾದರು.